ಸ್ಕ್ರೂ ಬಿಚ್ಚಿ ನೋಡುವ ವ್ಯಾಪಾರ: ಹಳೆಯ ಬೇಸ್ ಗಿಟಾರ್‌ಗಳ ಖರೀದಿ, ಮಾರಾಟ

2020ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಜೂಲಿಯನ್ಸ್ ಹರಾಜು ಸಂಸ್ಥೆಯು ರೋಲಿಂಗ್ ಸ್ಟೋನ್ಸ್ ತಂಡದಲ್ಲಿ ಬೇಸ್ ನುಡಿಸುತ್ತಿದ್ದ ಬಿಲ್ ವೈಮನ್ ಅವರ ಸಂಗ್ರಹವನ್ನು ಹರಾಜಿಗಿಟ್ಟಿತು. ಅದರಲ್ಲಿದ್ದ 1969ರ ಫೆಂಡರ್ ಮಸ್ಟಾಂಗ್ ಬೇಸ್ 3,84,000 ಡಾಲರ್‌ಗೆ ಹೋಯಿತು. ಅಲ್ಲಿಯವರೆಗೆ ಯಾವ ಬೇಸ್ ಗಿಟಾರಿಗೂ ಹರಾಜಿನಲ್ಲಿ ಅಷ್ಟು ಹಣ ಬಂದಿರಲಿಲ್ಲ. ತಮಾಷೆಯೆಂದರೆ ಮಸ್ಟಾಂಗ್ ದೊಡ್ಡಸ್ತಿಕೆಯ ವಾದ್ಯವೇ ಅಲ್ಲ. 1966ರಲ್ಲಿ, ಕಲಿಯುವ ಹುಡುಗರ ಪುಟ್ಟ ಕೈಗೂ ಎಟುಕಲೆಂದು ತಂತಿಯ ಅಳತೆಯನ್ನು 30 ಇಂಚಿಗೆ ಇಳಿಸಿ ಮಾಡಿದ ಅಗ್ಗದ ಮಾದರಿ ಅದು. ಹರಾಜಿನಲ್ಲಿ ಬಿಕರಿಯಾದದ್ದು ವೈಮನ್ ಅವರ ಕೈಯ ಗುರುತು. ಮರ, ತಂತಿ ಅದರ ಜೊತೆಗೆ ಬಂದವು, ಅಷ್ಟೆ.

ಹೆಸರಾಂತ ಕೈಗಳಿಗೆ ಸಿಗದ ಸಾವಿರಾರು ಹಳೆಯ ಬೇಸ್‌ಗಳ ಕತೆ ಬೇರೆ. 1962ರ ಎರಡು ಫೆಂಡರ್ ಪ್ರಿಸಿಷನ್ ಬೇಸ್‌ಗಳನ್ನು ಪಕ್ಕಪಕ್ಕ ಇಟ್ಟುಕೊಳ್ಳಿ. ಒಂದೇ ಕಾರ್ಖಾನೆ, ಒಂದೇ ಜಾತಿಯ ಮರ, ಒಂದೇ ವರ್ಷ. ಕಣ್ಣು ಮುಚ್ಚಿ ಕೇಳಿದರೆ ಯಾವುದು ಯಾವುದೆಂದು ಹೇಳುವುದು ಕಷ್ಟ. ಆದರೂ ಒಂದರ ಬೆಲೆ ಇನ್ನೊಂದರ ಅರ್ಧದಷ್ಟೇ ಇರಬಹುದು. ಹಿಂದೆ ಯಾವನೋ ಮಾಲೀಕ ಹಳೆಯ ಬಣ್ಣ ಬೇಸರವಾಗಿ ಹೊಸದು ಹೊಡೆಸಿದ್ದ ಎಂಬುದಷ್ಟೇ ಕಾರಣ. ಈ ಮಾರುಕಟ್ಟೆಯಲ್ಲಿ ನಾದಕ್ಕಿಂತ ಸಾಕ್ಷ್ಯಕ್ಕೆ ಹೆಚ್ಚು ಬೆಲೆ. ಇದನ್ನು ಅರಿಯದೆ ಕೊಳ್ಳಲು ಹೋದವರೂ ಮಾರಲು ಹೋದವರೂ ಕೈ ಸುಟ್ಟುಕೊಂಡಿದ್ದಾರೆ.

ಸಾಕ್ಷ್ಯಕ್ಕೆ ಇಷ್ಟು ಬೆಲೆ ಏಕೆ ಬಂತು ಎಂಬುದಕ್ಕೆ ಉತ್ತರ ಆ ವಾದ್ಯದ ಹುಟ್ಟಿನಲ್ಲೇ ಇದೆ.

ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ಎಂಬ ಊರಿನಲ್ಲಿ ರೇಡಿಯೊ ರಿಪೇರಿ ಅಂಗಡಿ ನಡೆಸುತ್ತಿದ್ದ ಲಿಯೊ ಫೆಂಡರ್ ಗಿಟಾರ್ ನುಡಿಸಲು ಕಲಿತವರಲ್ಲ. ಕುಣಿತದ ಬ್ಯಾಂಡ್‌ಗಳಲ್ಲಿ ಆಳೆತ್ತರದ ಡಬಲ್ ಬೇಸ್ ನುಡಿಸುವವರ ಪಾಡು ಅವರಿಗೆ ಗೊತ್ತಿತ್ತು. ಹೊತ್ತು ತಿರುಗಲು ಆಗದು, ಡ್ರಮ್ಮಿನ ಸದ್ದಿನೆದುರು ಕೇಳಿಸದು, ಸ್ವರಸ್ಥಾನ ತಪ್ಪದೆ ಬೆರಳಿಡಲು ವರ್ಷಗಳ ಸಾಧನೆ ಬೇಕು. 1951ರ ಕೊನೆಯಲ್ಲಿ ಲಿಯೊ ಹೊರತಂದ ಪ್ರಿಸಿಷನ್ ಬೇಸ್ ಈ ಮೂರಕ್ಕೂ ಒಟ್ಟಿಗೆ ಉತ್ತರ ಕೊಟ್ಟಿತು. ಹಲಗೆಯಂತೆ ಗಟ್ಟಿಯಾದ ಬಾಡಿ, 34 ಇಂಚಿನ ತಂತಿಯಳತೆ, ಬೆರಳಿಗೆ ದಾರಿ ತೋರುವ ಫ್ರೆಟ್‌ಗಳು, ತಂತಿಯ ಕಂಪನವನ್ನು ಹಿಡಿದು ಆಂಪ್ಲಿಫೈಯರ್‌ಗೆ ಕಳಿಸಲು ಒಂದು ಪಿಕಪ್. ಬೆಲೆ 199 ಡಾಲರ್ 50 ಸೆಂಟ್. ವಿದ್ಯುತ್ ಬೇಸ್‌ನ ಪ್ರಯತ್ನಗಳು ಅದಕ್ಕೂ ಮೊದಲೇ ನಡೆದಿದ್ದವು. 1930ರ ದಶಕದಲ್ಲೇ ಸಿಯಾಟಲ್‌ನ ಪಾಲ್ ಟಟ್‌ಮಾರ್ಕ್ ತಮ್ಮ ಆಡಿಯೊವಾಕ್ಸ್ ಕಂಪನಿಯಿಂದ ಫ್ರೆಟ್ ಇರುವ ವಿದ್ಯುತ್ ಬೇಸ್ ಒಂದನ್ನು ಮಾರಿದ್ದರು. ಅದು ಊರು ದಾಟಿ ಹೆಚ್ಚು ದೂರ ಹೋಗಲಿಲ್ಲ. ಫೆಂಡರ್‌ನ ಬೇಸ್ ದಾಟಿತು. ಲಯನೆಲ್ ಹ್ಯಾಂಪ್ಟನ್ ಅವರ ಜಾಝ್ ತಂಡದಲ್ಲಿ ಮಾಂಕ್ ಮಾಂಟ್‌ಗೊಮರಿ ಅದನ್ನು ನುಡಿಸಿದ್ದೇ ತಡ, ಸಂಗೀತಗಾರರ ಬಾಯಲ್ಲಿ ಬೇಸ್ ಎಂದರೆ ಫೆಂಡರ್ ಎಂಬಷ್ಟು ಹೆಸರು ಹರಡಿತು.

ಲಿಯೊ ಫೆಂಡರ್ ಅದನ್ನು ಕಲಾಕೃತಿಯೆಂದು ಮಾಡಿರಲಿಲ್ಲ, ದುಡಿಯುವ ಉಪಕರಣವೆಂದು ಮಾಡಿದ್ದರು. ನೆಕ್ ಸವೆದರೆ ನಾಲ್ಕು ಸ್ಕ್ರೂ ಬಿಚ್ಚಿ ಬೇರೆಯದನ್ನು ಕೂರಿಸಬಹುದು. ಪಿಕಪ್ ಸತ್ತರೆ, ಬಿರಡೆ ಸಡಿಲವಾದರೆ ಇನ್ನೊಂದನ್ನು ತಂದು ಹಾಕಬಹುದು. ರಿಪೇರಿ ಮಾಡುವವನ ಕಷ್ಟ ತಿಳಿದ ಮನುಷ್ಯನ ಜಾಣತನ ಅದು. ಎಪ್ಪತ್ತು ವರ್ಷದ ನಂತರ ಅದೇ ಜಾಣತನ ಕೊಳ್ಳುವವರಿಗೆ ತಲೆನೋವಾಗಿದೆ. 1964ರ ಬಾಡಿಗೆ 1971ರ ನೆಕ್, ಅದಕ್ಕೆ ನಿನ್ನೆ ಮೊನ್ನೆಯ ಪಿಕಪ್ ಜೋಡಿಸಿದರೂ ಎಲ್ಲ ಸರಿಯಾಗಿಯೇ ಕೂರುತ್ತದೆ. ಪಿಟೀಲಿನಂಥ ವಾದ್ಯದಲ್ಲಿ ಅಂಗಾಂಗಗಳನ್ನು ಸದ್ದಿಲ್ಲದೆ ಅದಲುಬದಲು ಮಾಡುವುದು ಇಷ್ಟು ಸಲೀಸಲ್ಲ. ಹಾಗಾಗಿ ಹಳೆಯ ಫೆಂಡರ್ ಕೊಳ್ಳುವವರು ಮೊದಲು ಕೈಗೆತ್ತಿಕೊಳ್ಳುವುದು ಸ್ಕ್ರೂಡ್ರೈವರನ್ನೇ.

ಯಾವ ವರ್ಷಕ್ಕೆ ಎಷ್ಟು ಮರ್ಯಾದೆ ಎಂಬುದು ವ್ಯಾಪಾರಿಗಳಿಗೆ ಬಾಯಿಪಾಠ. 1951ರಿಂದ 54ರ ಚಪ್ಪಟೆ ಬಾಡಿಯ ಪ್ರಿಸಿಷನ್ ಮೊದಲ ತಲೆಮಾರು. 1954ರಲ್ಲಿ ಎದೆಗೂ ಮುಂಗೈಗೂ ಒತ್ತದಂತೆ ಅಂಚುಗಳನ್ನು ಇಳಿಜಾರು ಮಾಡಲಾಯಿತು. 1957ರಲ್ಲಿ ಎರಡು ತುಂಡಾಗಿ ಒಡೆದ, ಗುಂಯ್‌ಗುಟ್ಟುವ ಸದ್ದನ್ನು ತಾನೇ ಅಳಿಸಿಕೊಳ್ಳುವ ಪಿಕಪ್ ಬಂತು. ಇಂದಿಗೂ ಪ್ರಿಸಿಷನ್ ಎಂದರೆ ಅದೇ ರೂಪ. 1959ರಲ್ಲಿ ಮೇಪಲ್ ನೆಕ್ಕಿನ ಮೇಲೆ ರೋಸ್‌ವುಡ್ ಪಟ್ಟಿ ಬಂತು. 1960ರಲ್ಲಿ ಹುಟ್ಟಿದ ಜಾಝ್ ಬೇಸ್‌ಗೆ ಸಪೂರ ನೆಕ್, ಎರಡು ಪಿಕಪ್; ಮೊದಲ ಎರಡು ವರ್ಷ ಅದರ ಗುಂಡಿಗಳು ಒಂದರ ಮೇಲೊಂದು ಕೂತಿರುತ್ತಿದ್ದವು. ಆ ಜೋಡಿಗುಂಡಿಯ ಜಾಝ್ ಬೇಸ್ ಕಂಡರೆ ಸಂಗ್ರಾಹಕರು ಪರ್ಸಿನ ಮೇಲೆ ಹಿಡಿತ ಕಳೆದುಕೊಳ್ಳುತ್ತಾರೆ.

ಎಲ್ಲಕ್ಕಿಂತ ದೊಡ್ಡ ಗಡಿಗೆರೆ 1965ರ ಜನವರಿಯದು. ಆರೋಗ್ಯ ಕೈಕೊಟ್ಟಿದ್ದ ಲಿಯೊ ಫೆಂಡರ್ ಕಂಪನಿಯನ್ನು 1.3 ಕೋಟಿ ಡಾಲರ್‌ಗೆ ಸಿಬಿಎಸ್ ಎಂಬ ಪ್ರಸಾರ ಸಂಸ್ಥೆಗೆ ಮಾರಿದರು. ಅದಕ್ಕೂ ಮುಂಚಿನದು ಚಿನ್ನ, ನಂತರದ್ದು ಕಾಗೆಬಂಗಾರ ಎಂಬ ಮಾತು ಮಾರುಕಟ್ಟೆಯಲ್ಲಿ ಬೇರೂರಿದೆ. ಈ ಮಾತು ಪೂರ್ತಿ ನಿಜವಲ್ಲ. ಸಹಿ ಬಿದ್ದ ಮಾರನೆಯ ದಿನವೂ ಕಾರ್ಖಾನೆಯಲ್ಲಿ ಅದೇ ಕೆಲಸಗಾರರು ಅದೇ ಮರ ಕೊಯ್ಯುತ್ತಿದ್ದರು, ಗೋದಾಮಿನಲ್ಲಿದ್ದ ಅದೇ ಬಿಡಿಭಾಗಗಳನ್ನು ಜೋಡಿಸುತ್ತಿದ್ದರು. ಗುಣಮಟ್ಟದ ಇಳಿಜಾರು ಒಂದೆರಡು ವರ್ಷ ಕಳೆದ ಮೇಲೆ ನಿಧಾನವಾಗಿ ಶುರುವಾಗಿ 1970ರ ದಶಕದಲ್ಲಿ ಎದ್ದು ಕಂಡಿತು: ಹೆಗಲು ಬೀಳಿಸುವಷ್ಟು ಭಾರದ ಬಾಡಿಗಳು, ದಪ್ಪನೆಯ ಪಾಲಿಯೆಸ್ಟರ್ ಲೇಪ, ನಾಲ್ಕರ ಬದಲು ಮೂರೇ ಸ್ಕ್ರೂಗಳ ಮೇಲೆ ಕೂತ ಜಾಝ್ ಬೇಸ್‌ನ ನೆಕ್. ಆದರೆ ಎಲ್ಲವೂ ಕೆಟ್ಟದ್ದಲ್ಲ. ಕೆನಡಾದ ರಶ್ ತಂಡದ ಗೆಡ್ಡಿ ಲೀ 1970ರ ದಶಕದಲ್ಲಿ ಮಿಚಿಗನ್‌ನ ಕಲಮಜೂ ಊರಿನ ಗಿರವಿ ಅಂಗಡಿಯೊಂದರಲ್ಲಿ ಸುಮಾರು 200 ಡಾಲರ್ ಕೊಟ್ಟು ಕೊಂಡದ್ದು 1972ರ ಜಾಝ್ ಬೇಸ್. ತಜ್ಞರು ಮೂಗು ಮುರಿಯುತ್ತಿದ್ದ ಕಾಲದ ಆ ಸರಕು ಅವರ ಪ್ರಧಾನ ವಾದ್ಯವಾಯಿತು. ಮುಂದೆ ಫೆಂಡರ್ ಕಂಪನಿಯೇ ಅದರ ಮಾದರಿಯಲ್ಲಿ ಅವರ ಹೆಸರಿನ ಬೇಸ್ ಮಾಡಿ ಮಾರಿತು. 1985ರಲ್ಲಿ ಸಿಬಿಎಸ್ ಕೈತೊಳೆದುಕೊಂಡಾಗ ಕಂಪನಿಯ ನೌಕರರೇ ಗುಂಪಾಗಿ ಅದನ್ನು ಕೊಂಡರು.

ಇನ್ನು ಸ್ಕ್ರೂ ಬಿಚ್ಚಿದ ಮೇಲೆ ಕಾಣುವುದೇನು?

ಮೊದಲಿಗೆ ನೆಕ್ಕಿನ ಬುಡ. 1962ರ ಆರಂಭದವರೆಗೆ ಅಲ್ಲಿ ಪೆನ್ಸಿಲ್ಲಿನಲ್ಲಿ ತಾರೀಖು ಬರೆಯುತ್ತಿದ್ದರು; ಆಮೇಲೆ ರಬ್ಬರ್ ಮೊಹರು ಬಂತು. ಮೊಹರಿನಲ್ಲಿ ಒಂದು ಅಂಕಿ, ತಿಂಗಳು, ವರ್ಷ, ಕೊನೆಗೊಂದು ಅಕ್ಷರ ಇರುತ್ತದೆ. ‘5 ಮಾರ್ಚ್ 66’ ಎಂದು ಓದಿ ಅದು ಮಾರ್ಚ್ ಐದರಂದು ಹುಟ್ಟಿದ್ದೆಂದು ಹಿಗ್ಗುವವರು ಬಹಳ. ಅಸಲಿಗೆ 5 ತಾರೀಖಲ್ಲ, ಪ್ರಿಸಿಷನ್ ಬೇಸ್‌ನ ಸಂಕೇತ. ಜಾಝ್ ಬೇಸ್‌ನದು 7. ಕೊನೆಯ ಅಕ್ಷರ ನೆಕ್ಕಿನ ಅಗಲವನ್ನು ಹೇಳುತ್ತದೆ. ಎರಡನೆಯದು ವಾಲ್ಯೂಮ್, ಟೋನ್ ಗುಂಡಿಗಳ ಕೆಳಗಿನ ಪೊಟೆನ್ಶಿಯೊಮೀಟರ್‌ಗಳು. ಅವುಗಳ ಬೆನ್ನ ಮೇಲಿನ ಅಂಕಿಗಳಲ್ಲಿ 137 ಎಂದಿದ್ದರೆ ಸಿಟಿಎಸ್, 304 ಎಂದಿದ್ದರೆ ಸ್ಟ್ಯಾಕ್‌ಪೋಲ್ ಕಂಪನಿಯ ಮಾಲು. ಉಳಿದ ಅಂಕಿಗಳು ತಯಾರಾದ ವರ್ಷ ಮತ್ತು ವಾರವನ್ನು ಹೇಳುತ್ತವೆ. ಇಲ್ಲೂ ಒಂದು ಬಲೆ ಇದೆ. 1966ರಲ್ಲಿ ಫೆಂಡರ್ ಪೊಟೆನ್ಶಿಯೊಮೀಟರ್‌ಗಳನ್ನು ರಾಶಿರಾಶಿಯಾಗಿ ತರಿಸಿಕೊಂಡಿತ್ತು. ಆ ದಶಕ ಮುಗಿಯುವವರೆಗೂ ಅವೇ ಬಳಕೆಯಾದವು. ಹಾಗಾಗಿ 1969ರ ಬೇಸ್ ಒಳಗೆ 66ರ ಅಂಕಿ ಕಂಡರೆ ಮೋಸ ಎನ್ನಬೇಕಿಲ್ಲ. 69ರದನ್ನೇ 66ರದೆಂದು ಮಾರಲು ಬಂದವರು ಆ ಅಂಕಿಯನ್ನಷ್ಟೇ ತೋರಿಸಿದರೆ ನಂಬಬೇಕಿಲ್ಲ. ಪೊಟೆನ್ಶಿಯೊಮೀಟರ್‌ನ ವಯಸ್ಸಿನಿಂದ ತಿಳಿಯುವುದು ಇಷ್ಟೇ: ವಾದ್ಯ ಅದಕ್ಕಿಂತ ಹಿಂದಿನದಾಗಿರಲಾರದು.

ಹಿಂಬದಿಯ ಲೋಹದ ಫಲಕದ ಮೇಲಿನ ಸೀರಿಯಲ್ ನಂಬರನ್ನೇ ಜಾಹೀರಾತಿನಲ್ಲಿ ದೊಡ್ಡದಾಗಿ ಹಾಕುವುದುಂಟು. ನಿಜ ಹೇಳಬೇಕೆಂದರೆ ಇರುವ ಸಾಕ್ಷ್ಯಗಳಲ್ಲಿ ದುರ್ಬಲವಾದದ್ದೇ ಅದು. ಫಲಕಗಳನ್ನು ಡಬ್ಬಿಯಿಂದ ಕೈಗೆ ಸಿಕ್ಕಂತೆ ತೆಗೆದು ಹಾಕುತ್ತಿದ್ದರು, ಅನುಕ್ರಮ ಯಾರೂ ನೋಡುತ್ತಿರಲಿಲ್ಲ. ನಾಲ್ಕು ಸ್ಕ್ರೂ ಬಿಚ್ಚಿದರೆ ಫಲಕ ಬದಲಾಯಿತು. 1976ರಲ್ಲಿ ನಂಬರು ಹೆಡ್‌ಸ್ಟಾಕ್‌ನ ಮೇಲಿನ ಸ್ಟಿಕ್ಕರಿಗೆ ಏರಿತು. ಸ್ಟಿಕ್ಕರನ್ನು ಅಚ್ಚು ಹಾಕುವುದು ಇನ್ನೂ ಸುಲಭ.

ಅಂಕಿಗಳಿಗಿಂತ ಬೆಸುಗೆ, ಬಣ್ಣ, ತೂತುಗಳು ಹೆಚ್ಚು ಸತ್ಯ ಹೇಳುತ್ತವೆ. ಕಾರ್ಖಾನೆಯ ಬೆಸುಗೆ ಕಾಲ ಕಳೆದಂತೆ ಹೊಳಪು ಕಳೆದುಕೊಂಡು ಬೂದುಬಣ್ಣಕ್ಕೆ ತಿರುಗಿರುತ್ತದೆ; ಮಧ್ಯದಲ್ಲೆಲ್ಲೋ ಮಿರುಗುವ ಚುಕ್ಕೆ ಕಂಡರೆ ಯಾರೋ ಕೈ ಹಾಕಿದ್ದಾರೆ. 1964ರ ಸುಮಾರಿನವರೆಗೆ ಬಾಡಿಗೆ ಬಣ್ಣ ಹೊಡೆದು ಒಣಗಿಸುವಾಗ ಮೇಜಿಗೆ ತಾಗದಂತೆ ಸಣ್ಣ ಮೊಳೆಗಳನ್ನು ಹೊಡೆದು ಎತ್ತರಿಸುತ್ತಿದ್ದರು, ಒಣಗಿದ ಮೇಲೆ ಕೀಳುತ್ತಿದ್ದರು. ಆ ತೂತುಗಳೊಳಗೆ ಬರಿಯ ಮರ ಕಾಣಬೇಕು. ಅಲ್ಲಿ ಬಣ್ಣ ಇಳಿದಿದ್ದರೆ ಎರಡನೆಯ ಸಲ ಹೊಡೆದದ್ದು ಖಚಿತ. ತೂತುಗಳೇ ಇಲ್ಲದಿದ್ದರೆ ಯಾರೋ ಮುಚ್ಚಿ ಉಜ್ಜಿದ್ದಾರೆ, ಇಲ್ಲವೇ ಬಾಡಿಯೇ ಬೇರೆ ಕಾಲದ್ದು. ಹಳೆಯ ನೈಟ್ರೊಸೆಲ್ಯುಲೋಸ್ ಲೇಪ ಬಿಸಿಲು, ಚಳಿಗೆ ಸಿಕ್ಕಿ ಬೇಸಿಗೆಯ ಕೆರೆಯಂಗಳದಂತೆ ಸಣ್ಣಗೆ ಬಿರುಕು ಬಿಟ್ಟಿರುತ್ತದೆ, ಬಿಳಿಯಿದ್ದದ್ದು ಹಳದಿಗೆ ತಿರುಗಿರುತ್ತದೆ. ಕತ್ತಲೆ ಕೋಣೆಯಲ್ಲಿ ನೇರಳಾತೀತ ದೀಪ ಹಿಡಿದರೆ ಹಳೆಯ ಲೇಪ ಒಂದು ಬಗೆಯಲ್ಲಿ, ಆಮೇಲೆ ತೇಪೆ ಹಾಕಿದ ಜಾಗ ಇನ್ನೊಂದು ಬಗೆಯಲ್ಲಿ ಹೊಳೆಯುತ್ತದೆ. ಅನುಭವಸ್ಥ ವ್ಯಾಪಾರಿಗಳ ಚೀಲದಲ್ಲಿ ಆ ದೀಪ ಇದ್ದೇ ಇರುತ್ತದೆ.

ಬಣ್ಣದ ಮೋಹ ಈ ವ್ಯಾಪಾರದ ಅತಿ ವಿಚಿತ್ರ ಅಧ್ಯಾಯ. ಫೆಂಡರ್‌ನ ಸಾಮಾನ್ಯ ಬಣ್ಣ ಸನ್‌ಬರ್ಸ್ಟ್: ನಡುವೆ ಹಳದಿ, ಅಂಚಿಗೆ ಕಪ್ಪು. ಶೇಕಡ 5ರಷ್ಟು ಹೆಚ್ಚು ಕೊಟ್ಟರೆ ಕಾರುಗಳಿಗೆ ಹೊಡೆಯುವ ಡ್ಯುಪಾಂಟ್ ಬಣ್ಣಗಳಲ್ಲಿ ಬೇಕಾದ್ದು ಸಿಗುತ್ತಿತ್ತು. ಫಿಯೆಸ್ಟಾ ರೆಡ್ ಎಂಬುದು ಫೋರ್ಡ್ ಥಂಡರ್‌ಬರ್ಡ್ ಕಾರಿನ ಬಣ್ಣವೇ. ಅಂದು ಸುಮಾರು ಹತ್ತು ಡಾಲರ್‌ನ ಆ ವ್ಯತ್ಯಾಸ ಇಂದು ಸಾವಿರಾರು ಡಾಲರ್‌ಗೆ ಬೆಳೆದಿದೆ. ವ್ಯತ್ಯಾಸ ಅಷ್ಟಿದ್ದ ಮೇಲೆ ಸನ್‌ಬರ್ಸ್ಟನ್ನು ಕೆರೆದು ಫಿಯೆಸ್ಟಾ ರೆಡ್ ಬಳಿದು, ಒಲೆಯ ಬಿಸಿ, ಫ್ರಿಜ್ಜಿನ ಚಳಿ ತೋರಿಸಿ ‘ಹಳೆಯದು’ ಮಾಡುವ ಕೈಗಳಿಗೇನೂ ಬರವಿಲ್ಲ. 1995ರಲ್ಲಿ ಫೆಂಡರ್‌ನ ಕಸ್ಟಮ್ ಶಾಪ್ ತಾನೇ ಬೇಕೆಂದು ಗೀಚಿ, ಸವೆಸಿ, ತುಕ್ಕು ಹಿಡಿಸಿದ ಹೊಸ ಗಿಟಾರ್‌ಗಳನ್ನು ‘ರೆಲಿಕ್’ ಹೆಸರಿನಲ್ಲಿ ಮಾರತೊಡಗಿತು. ಹೇಳಿ ಮಾರುವುದರಿಂದ ಅದು ಮೋಸವಲ್ಲ. ಆದರೆ ಸವೆತವನ್ನು ತಯಾರಿಸುವ ವಿದ್ಯೆ ಆಮೇಲೆ ಎಲ್ಲರಿಗೂ ಒಲಿಯಿತು ಎಂಬುದೂ ಸುಳ್ಳಲ್ಲ.

ಇಷ್ಟೆಲ್ಲ ಪರಿಶುದ್ಧತೆಯ ಹುಡುಕಾಟದ ಎದುರು ಬೇಸ್ ಇತಿಹಾಸದ ದೊಡ್ಡ ವಾದಕರನ್ನು ನಿಲ್ಲಿಸಿ ನೋಡಬೇಕು. ಜಾಕೊ ಪಾಸ್ಟೋರಿಯಸ್ ತಮ್ಮ 1962ರ ಜಾಝ್ ಬೇಸ್‌ನ ಫ್ರೆಟ್‌ಗಳನ್ನೆಲ್ಲ ಕಿತ್ತು, ಸಂದುಗಳಿಗೆ ಮರದ ಪುಟ್ಟಿ ತುಂಬಿ, ಮೇಲೆ ದೋಣಿಗೆ ಬಳಿಯುವ ಎಪಾಕ್ಸಿ ಹಚ್ಚಿದರು. 1976ರ ಅವರ ಮೊದಲ ಆಲ್ಬಂ ಮತ್ತು ವೆದರ್ ರಿಪೋರ್ಟ್ ತಂಡದೊಂದಿಗಿನ ಧ್ವನಿಮುದ್ರಣಗಳಲ್ಲಿ ಕೇಳುವ ಆ ಹಾಡುವಂಥ ನಾದ ಹುಟ್ಟಿದ್ದು ಈ ‘ಹಾಳುಗೆಡವಿದ’ ಹಲಗೆಯಿಂದ. ಡೆಟ್ರಾಯ್ಟ್‌ನ ಮೋಟೌನ್ ಕಂಪನಿಯ ಹಾಡುಗಳಿಗೆ ಬೆನ್ನೆಲುಬಾಗಿದ್ದ ಜೇಮ್ಸ್ ಜೇಮರ್ಸನ್ ತಮ್ಮ 1962ರ ಪ್ರಿಸಿಷನ್‌ಗೆ ದಪ್ಪ ಲಾ ಬೆಲ್ಲಾ ತಂತಿ ಹಾಕಿದರೆ ಅದು ತುಂಡಾಗುವವರೆಗೂ ಬದಲಾಯಿಸುತ್ತಿರಲಿಲ್ಲ. ದ ಹೂ ತಂಡದ ಜಾನ್ ಎಂಟ್‌ವಿಸಲ್ ಮುರಿದ ಹಲವು ಪ್ರಿಸಿಷನ್‌ಗಳ ಚೂರುಗಳಿಂದ ಒಂದನ್ನು ಜೋಡಿಸಿಕೊಂಡು ‘ಫ್ರಾಂಕೆನ್‌ಸ್ಟೈನ್’ ಎಂದು ಹೆಸರಿಟ್ಟಿದ್ದರು. ಇವರ ಹೆಸರು ಅಂಟಿಕೊಂಡಿರದಿದ್ದರೆ ಈ ಮೂರನ್ನೂ ಇಂದಿನ ವ್ಯಾಪಾರಿ ಮೂಲೆಗೆ ತಳ್ಳುತ್ತಿದ್ದ.

ಹಾಗಾದರೆ ಹಳೆಯ ಬೇಸ್‌ಗೆ ನಿಜಕ್ಕೂ ಒಳ್ಳೆಯ ನಾದವಿದೆಯೇ? ಕೆಲವಕ್ಕೆ ಇದೆ. ಒಣಗಿದ ಹಗುರ ಮರ, ಲಕ್ಷ ಸಲ ಬೆರಳು ಸವರಿ ನಯವಾದ ನೆಕ್ ಕೊಡುವ ಸುಖವನ್ನು ಅಲ್ಲಗಳೆಯಲಾಗದು. ಆದರೆ ಅಂದಿನ ಕಾರ್ಖಾನೆಯಲ್ಲಿ ಪಿಕಪ್‌ನ ತಾಮ್ರದ ತಂತಿಯನ್ನು ಕೈ ಅಂದಾಜಿನಲ್ಲೇ ಸುತ್ತುತ್ತಿದ್ದರಿಂದ ಒಂದರಂತೆ ಇನ್ನೊಂದಿಲ್ಲ. ಅದೇ ವರ್ಷದ ಒಂದು ಬೇಸ್ ಹಾಡಿದರೆ ಇನ್ನೊಂದು ಗೊಣಗುತ್ತದೆ. ಬೆರಳು, ತಂತಿ, ಆಂಪ್ಲಿಫೈಯರ್ ತರುವ ವ್ಯತ್ಯಾಸ ಇದಕ್ಕಿಂತ ದೊಡ್ಡದು. ಹಳೆಯದೆಂಬ ಒಂದೇ ಕಾರಣಕ್ಕೆ ನಾದ ಚೆನ್ನ ಎನ್ನುವವರ ಮಾತನ್ನು ಮಾರಾಟದ ಮಾತೆಂದೇ ಎಣಿಸಬೇಕು.

ಫೆಂಡರ್ ಬಿಟ್ಟರೆ ಉಳಿದವರ ಕತೆ ಚಿಕ್ಕದು, ಆದರೆ ಪ್ರತಿಯೊಂದಕ್ಕೂ ಅದರದೇ ರೋಗವಿದೆ. ಗಿಬ್ಸನ್ 1963ರಲ್ಲಿ ಕಾರು ವಿನ್ಯಾಸಕ ರೇ ಡೀಟ್ರಿಕ್ ಅವರಿಂದ ಮಾಡಿಸಿದ ಥಂಡರ್‌ಬರ್ಡ್ ನೋಡಲು ರಾಜಠೀವಿ. ಬಿದ್ದರೆ ಹೆಡ್‌ಸ್ಟಾಕ್ ಮುರಿಯುವುದಕ್ಕೂ ಅಷ್ಟೇ ಹೆಸರುವಾಸಿ. ಅಂಟಿಸಿದ ಗೆರೆ ಕಾಣದಂತೆ ಬಣ್ಣ ಹೊಡೆದಿರುತ್ತಾರೆ, ಅಲ್ಲಿ ಉಗುರು ಆಡಿಸಿ ನೋಡಬೇಕು. ಹಳೆಯ ರಿಕನ್‌ಬ್ಯಾಕರ್ 4001ರ ನೆಕ್ಕಿನೊಳಗೆ ಎರಡು ಕಬ್ಬಿಣದ ಕಂಬಿಗಳಿವೆ. ನೆಕ್ಕನ್ನು ಮೊದಲು ಕೈಯಿಂದ ಬಾಗಿಸಿಕೊಂಡು ಆಮೇಲೆ ನಟ್ ಬಿಗಿಯಬೇಕು. ಇದು ಗೊತ್ತಿಲ್ಲದೆ ಸ್ಪ್ಯಾನರ್ ತಿರುಗಿಸಿದವರು ಫಿಂಗರ್‌ಬೋರ್ಡನ್ನೇ ಎಬ್ಬಿಸಿದ್ದಾರೆ. ಜರ್ಮನಿಯ ಹಾಫ್ನರ್ 500/1 ಪಿಟೀಲಿನ ಆಕಾರದ ಟೊಳ್ಳು ಬೇಸ್, 1956ರಿಂದ ತಯಾರಾದದ್ದು. 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಸುಮಾರು 30 ಪೌಂಡ್‌ಗೆ ಅದನ್ನು ಕೊಂಡದ್ದು ಅಗ್ಗವೆಂಬ ಕಾರಣಕ್ಕೆ, ಮತ್ತು ಎರಡೂ ಬದಿ ಒಂದೇ ಥರ ಇರುವುದರಿಂದ ಎಡಗೈಯಲ್ಲಿ ಹಿಡಿದರೂ ಅಸಡ್ಡಾಳ ಕಾಣದೆಂಬ ಕಾರಣಕ್ಕೆ. ಲಿಯೊ ಫೆಂಡರ್ ಅವರ ಎರಡನೆಯ ಇನ್ನಿಂಗ್ಸ್‌ನ ಕೂಸಾದ 1976ರ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇ ಕೂಡ ಈಗ ಹಳೆಯ ಸರಕಿನ ಸಾಲಿಗೆ ಸೇರಿದೆ.

ಜಪಾನನ್ನು ಇಲ್ಲಿ ಮರೆಯುವಂತಿಲ್ಲ. 1970ರ ದಶಕದಲ್ಲಿ ಗ್ರೆಕೊ, ಟೊಕಾಯ್, ಐಬನೆಜ್ ಕಂಪನಿಗಳು ಅಮೆರಿಕದ ವಾದ್ಯಗಳನ್ನು ಎಷ್ಟು ಚೆನ್ನಾಗಿ ನಕಲು ಮಾಡಿದವೆಂದರೆ 1977ರಲ್ಲಿ ಗಿಬ್ಸನ್‌ನ ಮಾಲೀಕ ಸಂಸ್ಥೆ ನಾರ್ಲಿನ್ ಐಬನೆಜ್‌ನ ಅಮೆರಿಕದ ಶಾಖೆಯ ಮೇಲೆ ಮೊಕದ್ದಮೆ ಹೂಡಿತು. ಫೆಂಡರ್ ಬೇರೆ ದಾರಿ ಹಿಡಿದು 1982ರಲ್ಲಿ ಜಪಾನಿನಲ್ಲೇ ಫ್ಯೂಜಿಜೆನ್ ಕಾರ್ಖಾನೆಯಿಂದ ತನ್ನ ಹಳೆಯ ಮಾದರಿಗಳನ್ನು ಮಾಡಿಸತೊಡಗಿತು. ಜೆವಿ ಎಂಬ ಅಕ್ಷರಗಳಿಂದ ಶುರುವಾಗುವ ಸೀರಿಯಲ್ ನಂಬರಿನ ಆ ಮೊದಲ ಬೇಸ್‌ಗಳ ಕೆಲಸ ಅದೇ ಕಾಲದ ಅಮೆರಿಕನ್ ಫೆಂಡರ್‌ಗಳಿಗಿಂತ ಅಚ್ಚುಕಟ್ಟು. ಬೆಲೆ 1960ರ ದಶಕದ ಅಸಲಿಯ ಹತ್ತಿರಕ್ಕೂ ಬರುವುದಿಲ್ಲ.

ಹಳೆಯ ಗಿಟಾರಿಗೆ ಹೊಸದಕ್ಕಿಂತ ಹೆಚ್ಚು ಬೆಲೆ ಎಂಬ ಯೋಚನೆ ಗಟ್ಟಿಯಾದದ್ದು 1970ರ ಆಸುಪಾಸಿನಲ್ಲಿ. ಆ ವರ್ಷ ನ್ಯಾಶ್‌ವಿಲ್‌ನಲ್ಲಿ ಅಂಗಡಿ ತೆರೆದ ಜಾರ್ಜ್ ಗ್ರೂನ್ ಮುಂದೆ ವಾಲ್ಟರ್ ಕಾರ್ಟರ್ ಜೊತೆಗೂಡಿ ಬರೆದ ಕೈಪಿಡಿ ವಾದ್ಯಗಳ ಕಾಲನಿರ್ಣಯಕ್ಕೆ ಆಧಾರಗ್ರಂಥವಾಯಿತು. ಬೆಲೆಗಳು ಏರುತ್ತ ಹೋಗಿ 2008ರ ಆರ್ಥಿಕ ಕುಸಿತದಲ್ಲಿ ಧೊಪ್ಪನೆ ಬಿದ್ದವು. ನಿವೃತ್ತಿಯ ಹಣವನ್ನು ಗಿಟಾರಿನಲ್ಲಿ ತೊಡಗಿಸಿದ್ದವರು ಆಗ ಪಾಠ ಕಲಿತರು. ಕೋವಿಡ್ ಕಾಲದಲ್ಲಿ ಮನೆಯಲ್ಲಿ ಕೂತವರ ಬೇಡಿಕೆಯಿಂದ ಮತ್ತೆ ಚೇತರಿಕೆ ಬಂತು. 2013ರಲ್ಲಿ ಶಿಕಾಗೋದಲ್ಲಿ ಹುಟ್ಟಿದ ರಿವರ್ಬ್ ಎಂಬ ಆನ್‌ಲೈನ್ ಸಂತೆ ಎಲ್ಲರ ಬೆಲೆಯನ್ನೂ ಎಲ್ಲರ ಕಣ್ಣಿಗೆ ಬೀಳುವಂತೆ ಮಾಡಿದ ಮೇಲೆ ಗಿರವಿ ಅಂಗಡಿಯಲ್ಲಿ ನಿಧಿ ಸಿಗುವ ಕಾಲ ಬಹುಮಟ್ಟಿಗೆ ಮುಗಿಯಿತು. ಒಂದು ಸಮಾಧಾನವೆಂದರೆ ಅದೇ ವರ್ಷದ ಫೆಂಡರ್ ಸ್ಟ್ರಾಟೊಕಾಸ್ಟರ್ ಗಿಟಾರಿಗಿಂತ ಪ್ರಿಸಿಷನ್ ಬೇಸ್ ಸಾಮಾನ್ಯವಾಗಿ ಅಗ್ಗ. ಗೋಡೆಗೆ ನೇತುಹಾಕಲು ಕೊಳ್ಳುವ ಸಿರಿವಂತ ತನ್ನ ಹರೆಯದ ಗಿಟಾರ್ ವೀರರನ್ನು ನೆನೆಯುತ್ತಾನೆಯೇ ಹೊರತು ಹಿಂದಿನ ಸಾಲಿನಲ್ಲಿ ನಿಂತಿದ್ದ ಬೇಸ್ ವಾದಕನನ್ನಲ್ಲ.

ಜಾಹೀರಾತಿನಲ್ಲಿ ಕಾಣುವ ಬೆಲೆ ಕೇಳುವ ಬೆಲೆಯಷ್ಟೇ. ವ್ಯಾಪಾರ ಕುದುರಿದ ಬೆಲೆ ಬೇರೆ. ಮಾರುವವರು ತಮ್ಮ ಬೇಸ್‌ಗೆ ಬೆಲೆ ಕಟ್ಟುವಾಗ ನಿಜವಾಗಿ ಮಾರಾಟವಾದವುಗಳ ಪಟ್ಟಿಯನ್ನೇ ನೋಡಬೇಕು. ಅಂಗಡಿಗೆ ನೇರ ಮಾರಿದರೆ ಕೈಗೆ ಬರುವುದು ಅಂಗಡಿಯವರ ಮಾರಾಟದ ಬೆಲೆಯ ಅರ್ಧದಿಂದ ಮೂರನೇ ಎರಡರಷ್ಟು. ಅಂಗಡಿಯಲ್ಲಿ ಇಟ್ಟು ಮಾರಿಸಿ ಕಮಿಷನ್ ಕೊಟ್ಟರೆ ಹೆಚ್ಚು ಸಿಗುತ್ತದೆ, ಆದರೆ ತಿಂಗಳುಗಟ್ಟಲೆ ಕಾಯಬೇಕು. ತಾನೇ ಗಿರಾಕಿ ಹುಡುಕಿದರೆ ಇನ್ನೂ ಹೆಚ್ಚು, ಜೊತೆಗೆ ಪಾರ್ಸೆಲ್ಲಿನ ಭಯ, ಹಣದ ಭಯ, ವಾಪಸು ಕಳಿಸುವವರ ಕಾಟ. ಮಾರುವ ಮುನ್ನ ‘ಸ್ವಲ್ಪ ಚೆಂದ ಮಾಡೋಣ’ ಎಂದು ಹೊರಡುವುದು ದೊಡ್ಡ ತಪ್ಪು. ತುಕ್ಕು ಹಿಡಿದ ಬ್ರಿಡ್ಜ್ ಬದಲಿಸಿ ಹಳೆಯದನ್ನು ಎಸೆದವರು, ಮಾಸಿದ ಬಣ್ಣಕ್ಕೆ ಪಾಲಿಶ್ ಉಜ್ಜಿದವರು ತಮ್ಮ ಜೇಬಿಗೇ ಕತ್ತರಿ ಹಾಕಿಕೊಂಡಿದ್ದಾರೆ. ಮೂಲ ಪೆಟ್ಟಿಗೆ, ಕ್ರೋಮ್ ಮುಚ್ಚಳಗಳು, ಅಂಗಡಿಯ ರಸೀದಿ, ಮೊದಲ ಮಾಲೀಕ ಬೇಸ್ ಹಿಡಿದು ನಿಂತ ಮದುವೆ ಮನೆಯ ಫೋಟೊ, ಎಲ್ಲಕ್ಕೂ ಬೆಲೆಯಿದೆ.

ರಸೀದಿಯ ಮಾತಿಗೆ ಇನ್ನೊಂದು ಮುಖವೂ ಇದೆ: ಕಳ್ಳತನ. ಜಾಕೊ ಅವರ ಜಾಝ್ ಬೇಸ್ 1986ರಲ್ಲಿ ನ್ಯೂಯಾರ್ಕಿನ ಪಾರ್ಕೊಂದರಲ್ಲಿ ಕಳುವಾಯಿತು. ಮರುವರ್ಷ ಅವರು ತೀರಿಕೊಂಡರು. ಸುಮಾರು ಎರಡು ದಶಕದ ಬಳಿಕ ಅದೇ ನಗರದ ವ್ಯಾಪಾರಿಯೊಬ್ಬರ ಬಳಿ ಅದು ಕಾಣಿಸಿಕೊಂಡು, ಯಾರದು ಎಂಬ ಜಗಳ ಎದ್ದು, 2010ರಲ್ಲಿ ಮೆಟಾಲಿಕಾ ತಂಡದ ರಾಬರ್ಟ್ ಟ್ರುಹೀಯೊ ಹಣ ಕೊಟ್ಟು ಬಿಡಿಸಿದರು. ಜೇಮರ್ಸನ್ ಅವರ ಪ್ರಿಸಿಷನ್ 1983ರಲ್ಲಿ, ಅವರ ಸಾವಿಗೆ ಕೆಲವೇ ದಿನ ಮುಂಚೆ ಕಳುವಾಯಿತು. ಮೆಕಾರ್ಟ್ನಿ ಅವರ ಹಾಫ್ನರ್ 1972ರಲ್ಲಿ ಲಂಡನ್ನಿನ ನಾಟಿಂಗ್ ಹಿಲ್‌ನಲ್ಲಿ ನಿಲ್ಲಿಸಿದ್ದ ವ್ಯಾನಿನಿಂದ ಮಾಯವಾಗಿತ್ತು. 2023ರಲ್ಲಿ ಸಾರ್ವಜನಿಕವಾಗಿ ಹುಡುಕಾಟ ಸಾರಿದ ಮೇಲೆ ಇಂಗ್ಲೆಂಡಿನ ಸಸೆಕ್ಸ್ ಪ್ರಾಂತ್ಯದ ಮನೆಯೊಂದರ ಅಟ್ಟದಲ್ಲಿ ಸಿಕ್ಕು ಮಾಲೀಕರ ಕೈ ಸೇರಿತು. 2024ರ ಫೆಬ್ರುವರಿಯಲ್ಲಿ ಸುದ್ದಿ ಹೊರಬಿತ್ತು. ಕದ್ದ ಮಾಲನ್ನು ತಿಳಿಯದೆ ಕೊಂಡರೂ ಹಲವು ದೇಶಗಳ ಕಾನೂನು ಮೂಲ ಮಾಲೀಕರ ಪಕ್ಷವೇ. ಮಾರುವವರು ‘ಎಲ್ಲಿಂದ ಬಂತು’ ಎಂಬ ಪ್ರಶ್ನೆಗೆ ತಡವರಿಸಿದರೆ ಎದ್ದು ಬರುವುದೇ ಕ್ಷೇಮ.

ಕನ್ನಡ ನಾಡಿಗೂ ಈ ವಾದ್ಯಕ್ಕೂ ನಿಜವಾದ ನಂಟು ಇರುವುದು ಕಾಡಿನ ಮೂಲಕ. ನೆಕ್ಕಿನ ಮೇಲಿನ ಪಟ್ಟಿಗೆ ಫೆಂಡರ್ ಮೊದಲಿಗೆ ಬಳಸಿದ್ದು ಬ್ರೆಜಿಲ್ ದೇಶದ ರೋಸ್‌ವುಡ್. 1960ರ ದಶಕದ ನಡುವೆ ಅದು ದುರ್ಲಭವಾಗುತ್ತ ಬಂದಾಗ ಕಂಪನಿ ಭಾರತದ ರೋಸ್‌ವುಡ್‌ಗೆ ತಿರುಗಿತು. ಅದೇ ನಮ್ಮ ಪಶ್ಚಿಮಘಟ್ಟದ ಬೀಟೆ. ಮೈಸೂರಿನ ಕುಶಲಕರ್ಮಿಗಳು ಚಿತ್ತಾರದ ಕೆತ್ತನೆಗೆ ಬಳಸುವ ಮರ, ಖಾಸಗಿ ಜಮೀನಿನಲ್ಲಿ ಬೆಳೆದಿದ್ದರೂ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಡಿಯುವಂತಿಲ್ಲದ ಮರ. ಕಾನೂನಿನ ದೃಷ್ಟಿಯಲ್ಲಿ ಈ ಎರಡು ಮರಗಳ ಅಂತರ ದೊಡ್ಡದು. ಬ್ರೆಜಿಲ್‌ನದು 1992ರಿಂದ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಕಟ್ಟುನಿಟ್ಟಿನ ಮೊದಲ ಅನುಬಂಧದಲ್ಲಿದೆ. 2017ರ ಜನವರಿಯಲ್ಲಿ ಬೀಟೆಯೂ ಸೇರಿ ಡಾಲ್ಬರ್ಜಿಯಾ ಕುಲದ ಉಳಿದೆಲ್ಲ ಮರಗಳು ಎರಡನೆಯ ಅನುಬಂಧಕ್ಕೆ ಬಂದು, ಅವುಗಳನ್ನು ಬಳಸಿದ, ಮಾರಾಟಕ್ಕಾಗಿ ಗಡಿ ದಾಟುವ ಪ್ರತಿ ಗಿಟಾರಿಗೂ ಪರವಾನಗಿ ಬೇಕಾಯಿತು. ವಾದ್ಯ ತಯಾರಕರ ಕೂಗಿನ ನಂತರ 2019ರ ನವೆಂಬರ್‌ನಿಂದ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು, ಬ್ರೆಜಿಲ್ ರೋಸ್‌ವುಡ್ ಒಂದನ್ನು ಬಿಟ್ಟು. ಹಾಗಾಗಿ 1962ರ ಬೇಸನ್ನು ಪರದೇಶದಿಂದ ತರಿಸುವವರಿಗೆ ಅದು ಒಪ್ಪಂದಕ್ಕೂ ಮುಂಚಿನದೆಂಬ ಪ್ರಮಾಣಪತ್ರ ಬೇಕು. ಅದಿಲ್ಲದಿದ್ದರೆ ವಾದ್ಯ ಕಸ್ಟಮ್ಸ್ ಗೋದಾಮಿನಲ್ಲೇ ಉಳಿಯಬಹುದು.

ಬೆಂಗಳೂರಿನಲ್ಲಿ ಕೂತು ಹಳೆಯ ಬೇಸ್ ತರಿಸುವವರು ವಾದ್ಯದ ಬೆಲೆಗೆ ಸಾಗಣೆ, ವಿಮೆ, ಆಮದು ಸುಂಕ, ಜಿಎಸ್‌ಟಿ ಎಲ್ಲ ಕೂಡಿಸಿ ಲೆಕ್ಕ ಹಾಕಬೇಕು. ಇಲ್ಲಿ ಸ್ಥಳೀಯವಾಗಿ ಸಿಗುವುದು ಕಡಿಮೆ; 1991ರ ಉದಾರೀಕರಣಕ್ಕೆ ಮುಂಚೆ ವಿದೇಶಿ ವಾದ್ಯ ತರಿಸುವುದೇ ದುಸ್ತರವಾಗಿತ್ತು. ಎಲ್ಲಿ ಕೊಂಡರೂ ನೋಡಬೇಕಾದ್ದು ಒಂದೇ. ನೆಕ್ಕನ್ನು ಬುಡದಿಂದ ತುದಿಗೆ ಒಂದು ಕಣ್ಣಲ್ಲಿ ನೋಡಿ ತಿರುಚಿದೆಯೇ ಎಂದು ಅಳೆಯಬೇಕು. ನೆಕ್ಕನ್ನು ನೇರವಾಗಿಡುವ ಒಳಗಿನ ಕಂಬಿ, ಅಂದರೆ ಟ್ರಸ್ ರಾಡ್, ತಿರುಗುತ್ತದೆಯೇ, ಇಲ್ಲ ಕೊನೆ ಮುಟ್ಟಿದೆಯೇ ಎಂದು ಪರೀಕ್ಷಿಸಬೇಕು, ಏಕೆಂದರೆ ಸತ್ತ ಟ್ರಸ್ ರಾಡಿನ ರಿಪೇರಿ ಎಂದರೆ ಫಿಂಗರ್‌ಬೋರ್ಡ್ ಎಬ್ಬಿಸುವ ಕೆಲಸ. ಪ್ರತಿ ಫ್ರೆಟ್ಟಿನಲ್ಲೂ ಪ್ರತಿ ತಂತಿಯನ್ನೂ ಮೀಟಬೇಕು. ತೂಕ ನೋಡಬೇಕು, ಐದು ಕಿಲೋದ ಹತ್ತಿರದ ಬೇಸನ್ನು ಮೂರು ಗಂಟೆ ಹೆಗಲಿಗೆ ಹಾಕಿ ನಿಲ್ಲುವುದು ಸುಲಭವಲ್ಲ. ಒಳಭಾಗದ ಫೋಟೊ ಕೇಳಿದರೆ ಕೊಡದ ಮಾರಾಟಗಾರರ ಜೊತೆ ಚೌಕಾಸಿಯೇ ಬೇಡ.

ಹೂಡಿಕೆಗೆಂದು ಕೊಳ್ಳುವವರಿಗೆ ಮೊಳೆಯ ತೂತಿನವರೆಗೂ ಎಲ್ಲ ಮೂಲದ್ದೇ ಇರುವ ಬೇಸ್ ಬೇಕು. 2008ರಂಥ ಇನ್ನೊಂದು ಹೊಡೆತವನ್ನು ತಾಳುವ ಜೇಬೂ ಬೇಕು. ನುಡಿಸಲೆಂದೇ ಕೊಳ್ಳುವವರು ಸಂಗ್ರಾಹಕರು ತಿರಸ್ಕರಿಸಿದ ಸಾಲಿನಲ್ಲಿ ಹುಡುಕುವುದು ಮೇಲು. ಬಣ್ಣ ಬದಲಿಸಿದ, ಬಿರಡೆ ಬದಲಿಸಿದ, ಫ್ರೆಟ್ ಹೊಸದಾಗಿ ಹಾಕಿಸಿದ 1960ರ ದಶಕದ ಪ್ರಿಸಿಷನ್ ಅರ್ಧ ಬೆಲೆಗೆ ಸಿಗುತ್ತದೆ, ಅದರ ನಾದ ಅರ್ಧವಾಗಿರುವುದಿಲ್ಲ. ಅದೂ ಎಟುಕದಿದ್ದರೆ 1980ರ ದಶಕದ ಜಪಾನಿ ಫೆಂಡರ್ ಸಾಕು. ಯಾವುದನ್ನೇ ಕೊಂಡರೂ ಮನೆಗೆ ತಂದ ದಿನವೇ ನೆಕ್ಕಿನ ಮೊಹರು, ಸೀರಿಯಲ್ ನಂಬರು, ಬೆಸುಗೆ, ಗೀರುಗಳ ಫೋಟೊ ತೆಗೆದು ರಸೀದಿಯ ಜೊತೆ ಎತ್ತಿಡಿ. ಕಳುವಾದರೆ ಪೊಲೀಸರಿಗೆ ಕೊಡಲೂ, ಮುಂದೆಂದೋ ಮಾರುವಾಗ ಗಿರಾಕಿಗೆ ತೋರಿಸಲೂ ಬೇಕಾಗುವುದು ಅದೇ ಕಡತ.